ಉಜ್ಜಿದ ನಾಣ್ಯ

ಹಲ್ಲುಪುಡಿ ಹಚ್ಚಿ ಹಚ್ಚಿ ಉಜ್ಜಿದಳು. ಎಂಟುನೂರು ವರ್ಷದ ಹಿಂದಿನ ಮಹಾಯುದ್ಧದ ನೆನಪಿಗೆಂದು ಟಂಕಿಸಿದ ಬೆಳ್ಳಿ ನಾಣ್ಯ ಅದು. ಕುದುರೆ, ಈಟಿ, ಕೋಟೆಬಾಗಿಲು ಎಲ್ಲ ಫಳಫಳ ಹೊಳೆದವು. ಹಜಾರಕ್ಕೆ ಬಂದು, ನಿನ್ನೆ ತೀರಿಕೊಂಡ ಗಂಡನ ಸೆಟೆದ ಮುಷ್ಟಿಯೊಳಗೆ ಅದನ್ನು ತುರುಕಿದಳು.

"ತಗೊಳ್ಳಿ. ನಿಮ್ದು ನಿಮ್ಮ ಹತ್ರಾನೇ ಇರ್ಲಿ."

*

ಗಡಿಯಾರ ರಿಪೇರಿ ಮಾಡುತ್ತಿದ್ದ ಗಂಡನಿಗೆ ಆ ನಾಣ್ಯವೇ ಪಂಚಪ್ರಾಣ. ಭಾನುವಾರ ಮಧ್ಯಾಹ್ನ ಕೈಗವಸು ಹಾಕಿಕೊಂಡು ಅದನ್ನೇ ನೋಡುತ್ತ ಕೂರುತ್ತಿದ್ದ. ಯುದ್ಧದಲ್ಲಿ ಯಾವ ದಿಕ್ಕಿನಿಂದ ಎಷ್ಟು ಕುದುರೆ ನುಗ್ಗಿದವೆಂಬುದು ಬಾಯಿಪಾಠ. ಮಗ ಎಷ್ಟನೇ ಕ್ಲಾಸೆಂದು ಮಾತ್ರ ಹೆಂಡತಿಯನ್ನೇ ಕೇಳಬೇಕು. ಒಮ್ಮೆ ಅವಳು ಬೆರಳು ಚಾಚಿದ್ದಕ್ಕೆ ಚಿಮಟದಿಂದ ಹೊಡೆದ.

"ನಿನ್ನ ಬೆವರುಗೈ ದೂರ ಇಡು."

"ನಿಮ್ಮ ಎಂಜಲು ತಟ್ಟೆ ತೊಳೆಯೋದೂ ಇದೇ ಕೈ ಕಣ್ರೀ."

ಅಂಥವನ ಮೇಲೂ ಅವಳಿಗೆ ಪ್ರೀತಿಯಿತ್ತು. ಹಣೆಬರಹ.

*

ಹೆಣ ಎತ್ತುವ ಮೊದಲೇ ನಾಣ್ಯದ ವ್ಯಾಪಾರಿಯನ್ನು ಮಗನೇ ಫೋನ್ ಮಾಡಿ ಕರೆಸಿದ್ದ. ಆಸಾಮಿ ಹೂವು ಮರೆತಿದ್ದ, ಭೂತಗನ್ನಡಿ ಮರೆತಿರಲಿಲ್ಲ. ಮಗಳು ಕಪಾಟು, ಹಾಸಿಗೆ ಎಲ್ಲ ತಡಕಿ ಸುಸ್ತಾಗಿದ್ದಳು.

"ಅಮ್ಮಾ, ನಾಣ್ಯ ಎಲ್ಲಿ?"

"ನಿಮ್ಮಪ್ಪನ ಕೈಲಿದೆ. ಕಪ್ಪಗಾಗಿಬಿಟ್ಟಿತ್ತು ಪಾಪ, ಉಜ್ಜಿ ಕೊಟ್ಟೆ. ಅವರ ಜೊತೇಲೇ ಹೋಗ್ಲಿ ಬಿಡ್ರೋ."

ವ್ಯಾಪಾರಿ ಬಗ್ಗಿ ಮುಷ್ಟಿಯ ಸಂದಿಯಲ್ಲಿ ನೋಡಿದ. "ಏನು ಮಾಡಿಬಿಟ್ರಿ ತಾಯಿ! ಆ ಕಪ್ಪಿಗೇ ಬೆಲೆ ಇದ್ದದ್ದು. ಉಜ್ಜಿದ ನಾಣ್ಯ ಯಾರಿಗೆ ಬೇಕು? ಇನ್ನು ಬರೀ ಬೆಳ್ಳಿ ತೂಕ."

"ಬುದ್ಧಿ ಎಲ್ಲಿಟ್ಟಿದ್ದೆ?" ಬಂದ ಜನರೆದುರೇ ಮಗ ಕಿರುಚಿದ.

"ತೂಕಕ್ಕಾದ್ರೂ ಕೊಟ್ಟುಬಿಡು," ಅಂದಳು ಮಗಳು. "ಬರೋದನ್ನ ಯಾಕೆ ಮಣ್ಣುಪಾಲು ಮಾಡ್ಬೇಕು?"

ಮಗ ತಂದೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ.

"ಮೆಲ್ಲಗೆ ಕಣೋ, ಅವರಿಗೆ ನೋಯುತ್ತೆ."

ಇಷ್ಟು ವರ್ಷದಲ್ಲಿ ಗಂಡನಿಗೆ ಅವಳು ತಾನಾಗಿ ಕೊಟ್ಟದ್ದು ಆ ನಾಣ್ಯವೊಂದೇ.

ವ್ಯಾಪಾರಿ ಜೇಬಿನಿಂದ ಪುಟ್ಟ ತಕ್ಕಡಿ ತೆಗೆದು, ನಾಣ್ಯವನ್ನು ಅದರ ತಟ್ಟೆಗಿಟ್ಟು ಹೆಣದ ಪಕ್ಕದಲ್ಲೇ ಹಿಡಿದ. ತಟ್ಟೆ ನಿಲ್ಲಲಿಲ್ಲ.

"ಗಾಳಿ ಜಾಸ್ತಿ. ಸ್ವಲ್ಪ ಫ್ಯಾನ್ ಆಫ್ ಮಾಡಿ."

ಮಗಳು ಸ್ವಿಚ್ ಒತ್ತಿದಳು. ಫ್ಯಾನ್ ನಿಂತಿತು. ಎಲ್ಲಿಂದಲೋ ಬಂದ ನೊಣ ಸತ್ತವನ ತುಟಿಯ ಮೇಲೆ ಕೂತಿತು. ತಾಯಿ ಕೈ ಬೀಸಿ ಓಡಿಸಿದಳು.

"ಅಮ್ಮಾ, ಕೈ ಬೀಸ್ಬೇಡ," ಮಗ ಗದರಿದ. "ತಟ್ಟೆ ಅಲುಗಾಡುತ್ತೆ."

ಅವಳು ಕೈ ಇಳಿಸಿದಳು. ನೊಣ ಮತ್ತೆ ಬಂದು ಕೂತಿತು.