ಏಬ್ರಮನ ಬೂಟು

ಬೂಟು ಏಬ್ರಮನದೇ, ಮೊದಲ ಕೂಲಿಯಲ್ಲಿ ಕೊಂಡಿದ್ದು, ಆದರೆ ಅದರೊಳಗಿರುವ ಕಾಲು ಸ್ಕಿಪಿಯೋನದು — ವೈನಿ ತಲೆ ಎತ್ತಲಿಲ್ಲ, ಎತ್ತಿದರೆ ಇಬ್ಬರು ಗಂಡಂದಿರ ಮುಖವನ್ನೂ ನೋಡಬೇಕಾಗುತ್ತದೆ, ಬಲಕ್ಕೆ ಏಬ್ರಮ್ ಬರಿಗಾಲಲ್ಲಿ, ಎಡಕ್ಕೆ ಸ್ಕಿಪಿಯೋ, ಓಕ್ ಮರದ ಕೆಳಗೆ ಪಾದ್ರಿ, ಮುಂದಿನ ಸಾಲಿನಲ್ಲಿ ಮೊಮ್ಮಕ್ಕಳನ್ನು ಕಂಡ ಮದುಮಕ್ಕಳು. ಗುಲಾಮರಾಗಿದ್ದಾಗ ಪಾದ್ರಿಯಿಲ್ಲದೆ ಬರೀ ಪೊರಕೆ ದಾಟಿ ಕೂಡಿದವರೂ ಗಂಡ-ಹೆಂಡತಿಯೇ ಎಂದು ಜಾರ್ಜಿಯಾದ ಹೊಸ ಕಾನೂನು ಒಪ್ಪಿದೆ, ಆದರೂ ಪಾದ್ರಿಯ ಬಾಯಿಂದ ಕೇಳುವ ಆಸೆ ಎಲ್ಲರಿಗೂ, ಅವಳೊಬ್ಬಳಿಗೆ ಆಸೆಯಲ್ಲ, ಕಟ್ಟಳೆ, ಇಬ್ಬರಿದ್ದವಳು ಒಬ್ಬನನ್ನು ಆರಿಸಿಕೊಳ್ಳಬೇಕು, ತಡಮಾಡದೆ. ಬೆನ್ನ ಹಿಂದೆ ಡಾರ್ಕಸ್ ಮುದುಕಿಯ ಬಾಯಿ ಸುಮ್ಮನಿರದು, ಅಲ್ಲ ಕಣೇ, ನಮಗೆ ಒಬ್ಬನೂ ನೆಟ್ಟಗೆ ಸಿಗಲಿಲ್ಲ, ನಿಂಗೆ ನೋಡಿದ್ರೆ ಜೋಡೆತ್ತು, ಅಕ್ಕಪಕ್ಕದವರು ಕಿಸಕ್ಕೆಂದರು, ನಗಲಿ, ಅವರಿಗೇನು, ಆರಿಸುವುದು ಅವಳಿಗೆ ಯಾವಾಗ ಗೊತ್ತಿತ್ತು, ಹತ್ತಿ ಹೊಲದಲ್ಲಿ ಯಾವ ಸಾಲು ಹಿಡಿಯಬೇಕೆಂಬುದನ್ನೂ ಯಜಮಾನನೇ ಹೇಳುತ್ತಿದ್ದ. ಸ್ಕಿಪಿಯೋನನ್ನು ಟೆಕ್ಸಾಸಿಗೆ ಮಾರಿದವನೂ ಅವನೇ, ನಿನ್ನ ಗಂಡ ಜ್ವರ ಬಂದು ದಾರೀಲೇ ಸತ್ತ, ಅತ್ತಿದ್ದು ಸಾಕು, ನಡಿ ಹೊಲಕ್ಕೆ, ಅಂದ, ನಂಬಿಬಿಟ್ಟಳು, ಆ ಸುಳ್ಳುಗಾರನ ಮಾತನ್ನು ಅದೊಂದು ಸಲ ಯಾಕಾದರೂ ನಂಬಿದಳೋ, ಆಮೇಲೆ ಏಬ್ರಮ್ ಬಂದ, ಮೀನು ತಂದು ಬಾಗಿಲಲ್ಲಿಟ್ಟು ಮಾತಾಡದೆ ಹೋಗುತ್ತಿದ್ದ, ಎಷ್ಟು ಮೀನು ತಿಂದ ಮೇಲೆ ಒಳಗೆ ಕರೆದಳೋ, ಈಗ ಎರಡು ಮಕ್ಕಳು.

ಕಳೆದ ಶನಿವಾರ ಅಂಗಳದಲ್ಲಿ ಸ್ಕಿಪಿಯೋ, ಬೆಳಿಗ್ಗೆ ಹೊಲಕ್ಕೆ ಹೋಗಿದ್ದವನ ಹಾಗೆ, ವೈನಿ, ಊಟಕ್ಕೇನೇ ಇದೆ, ಅಂದ, ಟೆಕ್ಸಾಸಿನಿಂದ ನಡೆದುಕೊಂಡೇ ಬಂದವನು. ಏಬ್ರಮನೇ ನೀರು ಕಾಯಿಸಿ ತಂದ, ಅವಳು ಸ್ಕಿಪಿಯೋನ ಕಾಲು ತೊಳೆದಳು, ಒಡೆದ ಹಿಮ್ಮಡಿ, ಬಿರುಕಿನೊಳಗೆ ಕೆಂಪು ಮಣ್ಣು, ಎಷ್ಟು ಉಜ್ಜಿದರೂ ಬಿಡದು, ಉಜ್ಜುತ್ತಲೇ ಇದ್ದಳು, ಸ್ಕಿಪಿಯೋ ಚಿಕ್ಕ ಮಗುವನ್ನು ಎತ್ತಿಕೊಂಡು, ಇದಕ್ಕೆ ನಿನ್ನ ಮೂಗೇ ಬಂದಿದೆಯಲ್ಲೋ ಏಬ್ರಮ್, ಪಾಪ, ಎಂದು ನಕ್ಕ, ಹೊಡೆದಾಡಿದ್ದರೆ ಎಷ್ಟೋ ವಾಸಿಯಿತ್ತು. ಇವತ್ತು ಬೆಳಿಗ್ಗೆ ಏಬ್ರಮ್ ಬೂಟು ಬಿಚ್ಚಿ ಸ್ಕಿಪಿಯೋನ ಮುಂದೆ ಇಟ್ಟ, ಹಾಕ್ಕೋ ಅಂದ, ಮದುವೆಗೆ ನಿಲ್ಲಲೆಂದು ಕೊಟ್ಟನೋ, ಊರು ಬಿಟ್ಟು ಹೋಗಲೆಂದು ಕೊಟ್ಟನೋ, ಕೇಳಿದರೆ ಹೇಳುವವನಲ್ಲ.

ಹೇಳಮ್ಮ ವೈನಿ, ಯಾರ ಕೈ ಹಿಡೀತೀಯ, ಪಾದ್ರಿ ಕೇಳುತ್ತಿದ್ದಾನೆ, ಅವಳ ಜೀವವೆಲ್ಲ ಸ್ಕಿಪಿಯೋನ ಮೇಲೆ, ಅದರಲ್ಲಿ ಮುಚ್ಚುಮರೆ ಏನು, ಅವನ ಹೆಸರೇ ನಾಲಿಗೆಯ ತುದಿಯಲ್ಲಿದೆ, ಚಿಕ್ಕದು ಓಡಿಬಂದು ಏಬ್ರಮನ ಬರಿಗಾಲಿನ ಮೇಲೆ ಹತ್ತಿ ನಿಂತಿತು, ಅವನು ಕದಲಲಿಲ್ಲ, ಮಗುವನ್ನು ಎತ್ತಿಕೊಳ್ಳಲೂ ಇಲ್ಲ, ಎತ್ತಿಕೊಂಡರೆ ಅವಳನ್ನು ಎಳೆದ ಹಾಗಾಗುತ್ತದೆಂದು, ಅಯ್ಯೋ ಪುಣ್ಯಾತ್ಮ — ಏಬ್ರಮ್, ಅಂದಳು. ಕೇಳಿದ್ದು ತನ್ನದೇ ಧ್ವನಿ. ಸರಿ ಕಣೇ, ಅಂದ ಸ್ಕಿಪಿಯೋ, ಬೂಟು ಬಿಚ್ಚಲು ಬಗ್ಗಿದ, ಬೇಡ, ಇರಲಿ, ಏಬ್ರಮ್ ಅವನ ಭುಜ ಹಿಡಿದು ಎತ್ತಿದ, ನಿನಗೇ ಇರಲಿ ಕಣಣ್ಣ. ಅವಳ, ಏಬ್ರಮನ ಕೈಗಳ ಮೇಲೆ ಪಾದ್ರಿಯ ಕೈ, ಮಂತ್ರದಂಥ ಮಾತು, ಬೂಟು ಹೋಗುತ್ತಿದೆ, ಸ್ಕಿಪಿಯೋನಿಗೆ ದೊಡ್ಡದು, ಹೆಜ್ಜೆ ಎತ್ತಿದಾಗ ಹಿಮ್ಮಡಿ ಮೇಲೇಳುತ್ತದೆ, ಊರಿದಾಗ ಒಳಗಿಳಿಯುತ್ತದೆ, ಅವಳು ತೊಳೆದ ಹಿಮ್ಮಡಿ, ಮೇಲೇಳುತ್ತದೆ, ಒಳಗಿಳಿಯುತ್ತದೆ, ಹಿಮ್ಮಡಿ, ಹಿಮ್ಮಡಿ —