ಅಂಗಿಯ ಇನ್ನೊಂದು ತೋಳು

"ಏ ಕತ್ತೆಮುಂಡೇದೆ, ಗಂಟು ಬಿಚ್ಚು ಅಂತ ಹೇಳಿ ಎಷ್ಟೊತ್ತಾಯ್ತೇ? ಮುದುಕನ ಮಗಳು ಬರೋ ಹೊತ್ತಾಯ್ತು, ನೀನಿಲ್ಲಿ ಚಂದ ನೋಡ್ತಾ ನಿಂತಿದೀಯಲ್ಲ!"

ಮೇಲ್ವಿಚಾರಕಿ ಎಣ್ಣೆ ಬಾಟಲಿಯನ್ನು ಹಾಸಿಗೆಯ ಮೇಲೆ ಬಿಸಾಕಿ ಹೋದಳು. ಆಯಾ ಅದನ್ನು ಎತ್ತಿಕೊಂಡಳು. ಈ ವೃದ್ಧಾಶ್ರಮದಲ್ಲಿ ಬೈಗುಳವೂ ಫ್ಯಾನಿನ ಸದ್ದೂ ಒಂದೇ, ನಿಂತಾಗಲೇ ಗಮನಕ್ಕೆ ಬರುತ್ತಿದ್ದದ್ದು.

ಭೇಟಿಯ ದಿನದ ಕೆಲಸ ಅವಳ ಕೈಗೆ ರೂಢಿಯಾಗಿತ್ತು. ಮಂಚದ ಕಂಬಿಗೆ ಕಟ್ಟಿದ ಕೈ ಬಿಚ್ಚುವುದು, ಮಣಿಕಟ್ಟಿನ ಬರೆಗೆ ಎಣ್ಣೆ ಹಚ್ಚಿ ಕೆಂಪು ಇಳಿಯುವ ತನಕ ತಿಕ್ಕುವುದು, ಉದ್ದ ತೋಳಿನ ಅಂಗಿ ತೊಡಿಸುವುದು, ಬಟ್ಟೆಯ ಪಟ್ಟಿಯನ್ನು ದಿಂಬಿನಡಿ ತುರುಕುವುದು. ಬಂದವರು ಹೋದ ಮೇಲೆ ಮತ್ತೆ ಕಟ್ಟುವುದು.

ಆ ಮುದುಕನನ್ನು, ಎಲ್ಲರ ಡ್ರೈವರ್ ತಾತನನ್ನು, ಕಟ್ಟಿದ್ದು ಅವಳ ಗಂಡನ ಅಂಗಿಯ ತೋಳಿನಿಂದ. ಮೆತ್ತನೆಯ ಬಟ್ಟೆ ನಿಮ್ಮನಿಮ್ಮ ಮನೆಯಿಂದಲೇ ತನ್ನಿ ಎಂದು ಅಪ್ಪಣೆಯಾಗಿತ್ತು. ಸತ್ತವನ ಅಂಗಿ, ತೊಳೆದೂ ತೊಳೆದೂ ಮೆತ್ತಗಾಗಿತ್ತು. ಹರಿದ ದಿನ ಮುಖಕ್ಕೊತ್ತಿಕೊಂಡು ಅತ್ತಿದ್ದಳು. ಈಗ ಅದೂ ಆಗುತ್ತಿರಲಿಲ್ಲ. ಇನ್ನೊಂದು ತೋಳು ಅವಳ ಚೀಲದಲ್ಲಿತ್ತು, ಬೆವರು ಒರೆಸಿಕೊಳ್ಳಲು.

ತಾತ ಜೀವಮಾನವಿಡೀ ಬಸ್ಸು ಓಡಿಸಿದವನು. ಬುದ್ಧಿ ಮಂಕಾದರೂ ಕೈ ಏನನ್ನೂ ಮರೆತಿರಲಿಲ್ಲ. ಒಂದು ಕೈ ಗಾಳಿಯಲ್ಲಿ ಸ್ಟೇರಿಂಗ್ ತಿರುಗಿಸುತ್ತಿತ್ತು, ಇನ್ನೊಂದು ಗೇರು ಎಳೆಯುತ್ತಿತ್ತು. ಮೂತ್ರದ ನಳಿಕೆ ಸರಿಯಾಗಿ ಗೇರಿನ ಜಾಗದಲ್ಲೇ ಸಿಕ್ಕುತ್ತಿತ್ತು. ಹಿಂದೊಮ್ಮೆ ಎಳೆದು ಹಾಸಿಗೆಯೆಲ್ಲ ರಕ್ತ ಮಾಡಿಕೊಂಡಿದ್ದ. ಅವತ್ತಿನಿಂದ ಗೇರಿನ ಕೈಗೆ ಕಟ್ಟು.

"ತಾತಾ, ಇವತ್ತು ಗಾಡಿ ಎಲ್ಲಿಗೆ?"

"ಸೀಟಿಲ್ಲಮ್ಮ. ನಿಂತ್ಕೊಂಡ್ ಬರೋದಾದ್ರೆ ಹತ್ಕೋ."

ಅವಳು ನಗಬೇಕಿತ್ತು, ಮೊದಲೆಲ್ಲ ನಗುತ್ತಿದ್ದಳು. ಗಂಟಿನಡಿ ಚರ್ಮ ಕಿತ್ತು ಕೀವಾಗಿತ್ತು. ಬೆಳಿಗ್ಗೆಯೇ ಮೇಲ್ವಿಚಾರಕಿಯ ಮುಂದೆ ನಿಂತು ಕೇಳಿದ್ದಳು.

"ಮೇಡಂ, ಪಕ್ಕದಲ್ಲಿ ಯಾರಾದ್ರೂ ಕೂತು ಕೈ ಹಿಡ್ಕೊಂಡ್ರೆ ಸಾಕು. ಕಟ್ಟೋದೇ ಬೇಕಾಗಲ್ಲ."

"ಕೂರೋಕೆ ಜನ ಬೇಕಾ? ನಿಮ್ಮಪ್ಪನ್ನ ಕರ್ಕೊಂಡ್ ಬಾ. ಇಡೀ ಹಾಲಿಗೆ ನೀನೊಬ್ಳೇ, ನೆನಪಿರ್ಲಿ. ಹೇಲು ಬಾಚೋಕೆ ಬಂದೋಳು ಡಾಕ್ಟರಾಗ್ಬೇಡ."

ಈ ಕೀವನ್ನು ಎಣ್ಣೆ ಮುಚ್ಚುವುದಿಲ್ಲ. ಮಗಳು ನೋಡಲಿ ಎಂದುಕೊಂಡಳು ಆಯಾ. ಸ್ವಂತ ಮಗಳಲ್ಲವೇ, ಒಮ್ಮೆ ಕಣ್ಣಾರೆ ಕಂಡರೆ ಈ ಕಟ್ಟಡವೇ ಹಾರಿಹೋಗುವ ಹಾಗೆ ಕೂಗಾಡಿಯಾಳು. ಗಂಟು ಬಿಚ್ಚಲಿಲ್ಲ. ಬಾಟಲಿಯನ್ನು ಕಿಟಕಿಯಲ್ಲಿಟ್ಟು ಪಕ್ಕಕ್ಕೆ ಸರಿದು ನಿಂತಳು.

ಮಗಳು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಂದಳು. ಹಿಂದೆ ಮೇಲ್ವಿಚಾರಕಿ, ಮುಖದ ತುಂಬ ನಗು. ಕಟ್ಟು ಕಂಡದ್ದೇ ಆ ನಗು ಇಳಿದುಹೋಯಿತು.

"ಅಪ್ಪಾ, ಹೇಗಿದೀಯಪ್ಪಾ?" ಎಂದು ಬಗ್ಗಿದ ಮಗಳು ಹಾಗೇ ನಿಂತಳು. ಗಂಟು ನೋಡಿದಳು, ಕೀವು ನೋಡಿದಳು. ಆಯಾಳ ಮುಖ ನೋಡಿದಳು.

"ದಿನಾ ಕಟ್ತೀರಾ?"

"ಹೂಂ ಅಕ್ಕಾ. ಹಗಲೂ ರಾತ್ರಿನೂ."

ಮಗಳು ಕರವಸ್ತ್ರ ಇಳಿಸಿದಳು. ಕೂಗಾಟ ಶುರುವಾಗಲೆಂದು ಆಯಾ ಕಾದಳು.

"ಮನೇಲಿ ನಾವೂ ಕಟ್ತಿದ್ವಿ. ನನ್ ಕೈಲಾಗ್ಲಿಲ್ಲ," ಎಂದಳು ಮಗಳು, ಯಾರಿಗೂ ಅಲ್ಲ ಎಂಬಂತೆ. ಹೊದಿಕೆಯನ್ನು ಎಳೆದು ಆ ಕೈಯ ಮೇಲೆ ಹೊದಿಸಿದಳು. "ಏನಾದ್ರೂ ಮುಲಾಮು ಹಚ್ಚಿ." ತಂದಿದ್ದ ಬಿಸ್ಕತ್ತಿನ ಪೊಟ್ಟಣವನ್ನು ದಿಂಬಿನ ಪಕ್ಕ ಇಟ್ಟು, ತಂದೆಯ ಹಣೆ ಸವರಿ, ತಿರುಗಿ ನೋಡದೆ ಹೊರಟುಹೋದಳು.

ಬಾಗಿಲು ಮುಚ್ಚಿದ್ದೇ ತಡ ಮೇಲ್ವಿಚಾರಕಿ ಮೈಮೇಲೆ ಏರಿ ಬಂದಳು.

"ಬೇಕಂತ್ಲೇ ಮಾಡ್ದೆ ಅಲ್ವೇನೇ, ಬೋಸುಡಿ? ಅವರು ಒಳ್ಳೇವರು, ಸುಮ್ನೆ ಹೋದ್ರು. ಇವತ್ತಿಗೆ ನಿನ್ ಕೆಲಸ ಮುಗೀತು, ನಾಳೆಯಿಂದ ಬರ್ಬೇಡ. ಹೋಗೋ ಮುಂಚೆ ಆ ಇನ್ನೊಂದು ಕೈನೂ ಕಟ್ಟಿ ಹೋಗು. ನಿನ್ ಗಂಡನ ಅಂಗಿಗೆ ಎರಡು ತೋಳಿತ್ತಲ್ಲ?"

ಆಯಾಳಿಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಒಳಗೆ ಎಲ್ಲವೂ ಜೋಮು ಹಿಡಿದಿತ್ತು. ಚೀಲದಿಂದ ಇನ್ನೊಂದು ತೋಳು ತೆಗೆದಳು. ತಾತನ ಕೈಯ ಗಂಟು ಕೀವಿಗೆ ಅಂಟಿಕೊಂಡಿತ್ತು, ನೀರು ಹನಿಸಿ ಹನಿಸಿ ಬಿಡಿಸಿದಳು. ಆಮೇಲೆ ಮಂಚದ ಅಂಚಿನಲ್ಲಿ ಕೂತು ತನ್ನ ಎಡಗೈಯನ್ನು ಕಂಬಿಗಿಟ್ಟು, ಗಂಡನ ತೋಳನ್ನು ಅದಕ್ಕೆ ಸುತ್ತಿ, ಹಲ್ಲಿನಲ್ಲಿ ಕಚ್ಚಿ ಗಂಟು ಎಳೆದಳು. ಬಲಗೈಯಲ್ಲಿ ತಾತನ ಗೇರಿನ ಕೈ ಹಿಡಿದುಕೊಂಡಳು.

"ಏನೇ ಇದು, ಹುಚ್ಚು ಹಿಡೀತಾ?"

"ಕೂರೋಕೆ ಜನ ಬೇಕು ಅಂದಿದ್ನಲ್ಲ ಮೇಡಂ. ಕೂತಿದೀನಿ."

"ಏಳೇ ಮೇಲೆ! ಆ ಮೂಲೆ ಮುದುಕ ಆಗ್ಲಿಂದ ನೀರು ನೀರು ಅಂತಿದಾನೆ, ಅವನಿಗೆ ಯಾರೇ ಕೊಡ್ತಾರೆ?"

"ನೀವಿದೀರಲ್ಲ."

ಮೇಲ್ವಿಚಾರಕಿ ನುಗ್ಗಿ ಬಂದು ಪಟ್ಟಿ ಹಿಡಿದು ಜಗ್ಗಿದಳು. ಜಗ್ಗಿದಷ್ಟೂ ಗಂಟು ಬಿಗಿಯಾಯಿತು. ಕತ್ತರಿ ತನ್ನಿ ಎಂದು ಬಾಗಿಲ ಕಡೆ ಕೂಗಿದಳು. ತರಬೇಕಾದವಳು ಮಂಚಕ್ಕೆ ಕಟ್ಟಿಕೊಂಡು ಕೂತಿದ್ದಳು.

ತಾತ ಸ್ಟೇರಿಂಗ್ ತಿರುಗಿಸಿದ. ಹಿಡಿದ ಕೈಯೊಂದಿಗೇ ಗೇರು ಹಾಕಿದ.

"ಸೀಟು ಸಿಕ್ತಲ್ಲಮ್ಮ," ಎಂದ. "ಬಿಗಿಯಾಗಿ ಹಿಡ್ಕೋ."

ಅವಳು ಹಿಡಿದುಕೊಂಡಳು. ಮೂಲೆಯ ಮುದುಕ ಇನ್ನೂ ನೀರು ಕೇಳುತ್ತಲೇ ಇದ್ದ.