ಬೆನ್ನು ಮಾಡಿ ನುಡಿಸಿದ ಕ್ಲಾರಿನೆಟ್

ನಾನು ಒಂದು ಕ್ಲಾರಿನೆಟ್. ಮೀರತ್ ಊರಿನ ಒಂದು ಓಣಿಯಲ್ಲಿ ಕರಿಮರ ಕೊರೆದು ನನ್ನನ್ನು ಮಾಡಿದರು. ಯಾರದೇ ಆಗಲಿ, ಉಸಿರು ನನಗೆ ಮೊದಲು ತಿಳಿಯುತ್ತದೆ, ಮುಖ ಆಮೇಲೆ. ಹದಿನಾರು ವರ್ಷ ಪೊಲೀಸ್ ಬ್ಯಾಂಡಿನಲ್ಲಿದ್ದೆ. ಹರಾಜಿನಲ್ಲಿ ಕೈಬದಲಾಗಿ ಬಾಗಲಕೋಟೆ ಕಡೆಯ ಫಕೀರಪ್ಪ ಭಜಂತ್ರಿಯ ಮದುವೆ ವಾಜಂತ್ರಿಗೆ ಬಂದೆ. ಕವಾಯತಿನ ಗತ್ತು ಬಿಟ್ಟು ಮದುಮಗನ ಕುದುರೆಯ ಹಿಂದೆ ಧೂಳು ತಿನ್ನುವುದು ಮೊದಮೊದಲು ಅವಮಾನವೆನಿಸಿತು. ಆದರೆ ಫಕೀರಪ್ಪನ ಉಸಿರು ಉದ್ದ, ಮನಸ್ಸು ಮೆತ್ತಗೆ. ಒಗ್ಗಿಕೊಂಡೆ.

ಅವನ ಅಪ್ಪನ ಕಾಲದಿಂದ ಅವರಲ್ಲೊಂದು ಕಟ್ಟಳೆ ಇತ್ತು. ಅಕ್ಷತೆ ಬೀಳುವ ಹೊತ್ತಿಗೆ ವಾಜಂತ್ರಿಯವರೆಲ್ಲ ಮದುಮಕ್ಕಳಿಗೆ ಬೆನ್ನು ಮಾಡಿ, ಡೊಳ್ಳಿನವನ ಕೈಯನ್ನಷ್ಟೇ ನೋಡುತ್ತ ನುಡಿಸಬೇಕು. ಮದುಮಗಳನ್ನು ನೋಡುತ್ತ ನಿಂತರೆ ಸ್ವರ ತಪ್ಪುತ್ತದೆಂದು ಆ ಮುದುಕನ ನಂಬಿಕೆ. ರೇಣವ್ವ ಎಂಬ ಹುಡುಗಿಯ ಮದುವೆಯಲ್ಲೂ ಹಾಗೆಯೇ ನಿಂತರು.

ಮೂರನೆಯ ದಿನ ಸುದ್ದಿ ಬಂತು. ರೇಣವ್ವನಿಗೆ ಬರೀ ಹದಿಮೂರು ವರ್ಷವಂತೆ. ಬಾಲ್ಯವಿವಾಹದ ಕೇಸಾಗಿ ಅವಳ ಅಪ್ಪ, ಮದುವೆ ಮಾಡಿಸಿದ ಅಯ್ಯನವರು ಇಬ್ಬರನ್ನೂ ಹಿಡಿದೊಯ್ದಿದ್ದರು. ಅವಳನ್ನು ಬಾಲಮಂದಿರಕ್ಕೆ ಸೇರಿಸಿದ್ದರು. ಕೇಸಿನಲ್ಲಿ ಫಕೀರಪ್ಪನ ಹೆಸರೂ ಇತ್ತು.

ನನ್ನನ್ನು ಧೋತರದಲ್ಲಿ ಸುತ್ತಿಕೊಂಡು ಅವನು ವಕೀಲೆ ಸುಮಿತ್ರಾ ಕಟಗೇರಿಯವರ ಬಳಿ ಓಡಿದ.

"ಪೊಲೀಸರು ಹಿಡಿಯೂದಕ್ಕಿಂತ ಮೊದಲ ಜಾಮೀನು ಕೇಳೋಣು," ಎಂದರು ಅವರು. "ಖರೇ ಹೇಳು, ಹುಡುಗಿ ಮಾರಿ ನೋಡಿದ್ದೇನು?"

"ಇಲ್ರೀ ಅಕ್ಕಾರ. ನಾವು ಬೆನ್ನ ಮಾಡಿ ನಿಲ್ಲೂ ಮಂದಿ."

ಮದುವೆಯ ವಿಡಿಯೊ ಇದ್ದರೆ ಅಷ್ಟು ಸಾಕು ಎಂದರು. ಅವನು ನನ್ನನ್ನು ಧೋತರದಲ್ಲಿ ಇನ್ನೂ ಬಿಗಿಯಾಗಿ ಸುತ್ತಿದ. ಏಕೆಂದರೆ ಅವನು ನೋಡಿದ್ದ.

ಮದುವೆಯ ಬೆಳಿಗ್ಗೆ ಅರಿಸಿನ ಹಚ್ಚಿಕೊಂಡ ರೇಣವ್ವ ನಮ್ಮ ಹತ್ತಿರ ಬಂದು ಕುಕ್ಕರಗಾಲಲ್ಲಿ ಕುಳಿತಿದ್ದಳು. "ಮಾಮಾ, ನಮ್ಮ ಸಾಲ್ಯಾಗಿನ ಪ್ರಾರ್ಥನಾ ಬಾರಸ್ತಿ?" ಎಂದು ಕೇಳಿ, ತಾನೇ ಸಣ್ಣಗೆ ಹಾಡಿ ತೋರಿಸಿದಳು. ಅವನು ಎರಡು ಸಾಲು ನುಡಿಸಿದ. ಅಷ್ಟರಲ್ಲಿ ತಾಯಿ ಬಂದು ರಟ್ಟೆ ಹಿಡಿದು ಎಳೆದೊಯ್ದಳು. ಫಕೀರಪ್ಪ ತಲೆ ತಗ್ಗಿಸಿ ನನ್ನ ಬಾಯಿ ಒರೆಸಿದ. ಅಕ್ಷತೆಯ ಹೊತ್ತಿಗೆ ಅವನ ಉದ್ದನೆಯ ಉಸಿರು ಎರಡು ಸಲ ತುಂಡಾಯಿತು. ಅದು ನನಗೊಬ್ಬನಿಗೇ ಗೊತ್ತು.

ಅರ್ಜಿ ಇತ್ಯರ್ಥವಾಗುವವರೆಗೆ ಇಳಕಲ್ಲಿನಲ್ಲಿ, ಅವನ ಅಕ್ಕ ಯಂಕವ್ವನ ಮಗ್ಗದ ಮನೆಯಲ್ಲಿ ಅಡಗಿಕೊಂಡೆವು. ನುಡಿಸಿದರೆ ಗುರುತು ಸಿಗುತ್ತದೆಂದು ನನ್ನ ಬಾಯಿ ಕಟ್ಟಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಓಣಿಯಲ್ಲಿ ಯಾವ ಗಾಡಿ ನಿಂತರೂ ನೇಯುವಾಗ ಕಾಲಿಡುವ ಮಗ್ಗದ ಕುಣಿಗೆ ಇಳಿಯುತ್ತಿದ್ದ.

"ಹಾಲಿನ ಗಾಡಿಯೋ ತಮ್ಮಾ, ಮ್ಯಾಲೆ ಬಾ. ಉಣ್ಣು," ಎನ್ನುತ್ತಿದ್ದಳು ಯಂಕವ್ವ. ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ನನಗೂ ಹೆದರಿಕೆಯಾಗುತ್ತಿತ್ತು.

ಹನ್ನೊಂದನೆಯ ದಿನ ವಕೀಲರ ಫೋನು ಬಂತು. ಅಷ್ಟು ಹೊತ್ತು ಹಂದರದಲ್ಲಿದ್ದವನಿಗೆ ಮದುಮಗಳು ಕಾಣಲಿಲ್ಲವೇ ಎಂದು ಸರ್ಕಾರಿ ವಕೀಲರು ಜೋರು ಮಾಡಿದರಂತೆ. ನ್ಯಾಯಾಧೀಶರು ಅಕ್ಷತೆಯ ವಿಡಿಯೊ ನೋಡಿದರಂತೆ. ಅದರಲ್ಲಿ ಕಂಡದ್ದು ವಾಜಂತ್ರಿಯವರ ಐದು ಬೆನ್ನು. ಜಾಮೀನು ಸಿಕ್ಕಿತ್ತು. ವಾರಕ್ಕೊಮ್ಮೆ ಠಾಣೆಗೆ ಹೋಗಿ ಸಹಿ ಹಾಕಬೇಕು, ವಿಚಾರಣೆಗೆ ಕರೆದರೆ ಬರಬೇಕು, ಅಷ್ಟೇ.

ಮೊದಲ ವಾರ ವಾದ್ಯವನ್ನೂ ತರಲು ಹೇಳಿದ್ದರು. ಹೋದೆವು. ಅಂಗಳದ ಬೆಂಚಿನ ಮೇಲೆ ಬಾಲಮಂದಿರದ ಮೇಡಂ ಜೊತೆ ರೇಣವ್ವ ಕುಳಿತಿದ್ದಳು. ಸಬ್‌ಇನ್‌ಸ್ಪೆಕ್ಟರು ಅವಳನ್ನು ಕೇಳಿದರು: "ಇವನ ಗುರುತು ಐತೇನವಾ? ನಿನ್ನ ಕೂಡ ಏನರ ಮಾತಾಡಿದ್ನೇನು?"

ಫಕೀರಪ್ಪನ ಉಸಿರು ನಿಂತೇಹೋಯಿತು. ರೇಣವ್ವ ನನ್ನನ್ನು ನೋಡಿದಳು. ಆಮೇಲೆ ಅವನ ಮುಖ ನೋಡಿದಳು.

"ಇಲ್ರೀ ಸಾಹೇಬ್ರ," ಎಂದಳು. "ನಾ ಇವರನ್ನ ನೋಡೇ ಇಲ್ಲ."

ಹದಿಮೂರು ವರ್ಷದ ಕೂಸು ಅವನನ್ನು ಉಳಿಸಿತು. ದೊಡ್ಡವನಾಗಿದ್ದೂ ಅವನು ಅವಳಿಗಾಗಿ ಒಂದು ಮಾತೂ ಆಡಿರಲಿಲ್ಲ. ಬಸ್ಸಿನಲ್ಲಿ ಅವನು ದಾರಿಯುದ್ದಕ್ಕೂ ಅತ್ತ. ನನಗೆ ಅವನ ಮೇಲೆ ಸಿಟ್ಟೂ ಬಂತು, ಕನಿಕರವೂ ಬಂತು.

ಅಂದಿನಿಂದ ಅವನು ಮದುವೆಗಳಿಗೆ ಹೋಗಲಿಲ್ಲ. ಕೇಸು ಮುಗಿದು ಎಷ್ಟೋ ವರ್ಷವಾಗಿದೆ. ನನ್ನ ಕೀಲುಗಳು ಸಡಿಲಾಗಿವೆ, ಮರ ಸೀಳು ಬಿಟ್ಟಿದೆ, ಗೂಟಕ್ಕೆ ತೂಗುಬಿದ್ದಿದ್ದೇನೆ. ಎದುರಿನ ಶಾಲೆಯ ಗಂಟೆ ಹೊಡೆದಾಗ ಫಕೀರಪ್ಪ ಒಮ್ಮೊಮ್ಮೆ ನನ್ನನ್ನು ಇಳಿಸಿ ಆ ಪ್ರಾರ್ಥನೆ ನುಡಿಸುತ್ತಾನೆ. ಎರಡು ಸಾಲು ಮುಗಿದೊಡನೆ ನಿಲ್ಲಿಸುತ್ತಾನೆ. ಮೂರನೆಯ ಸಾಲು ಮಕ್ಕಳ ಬಾಯಲ್ಲಿ ದಿನವೂ ಕೇಳಿಸುತ್ತದೆ. ಅವನು ಅದನ್ನು ಇನ್ನೂ ನುಡಿಸಿಲ್ಲ.